ಹೇಮಲತ ಬಿಚ್ಚಿ ಹೆಣೆದ ಸ್ವೆಟರ್

ಚಳ್ಳಕೆರೆ ಕಡೆಯ ಒಂದು ಊರಿನಲ್ಲಿ ಓಬಕ್ಕ ಎಂಬುವರು ಹೆಂಗಸರಿಗೆ ಸ್ವೆಟರ್ ಹೆಣೆಯುವುದನ್ನು ಹೇಳಿಕೊಡುತ್ತಿದ್ದರು. ಅವರ ಶಿಷ್ಯೆಯರಲ್ಲಿ ಹೇಮಲತಳ ಕೈ ಬಲು ಚುರುಕು. ಹೊಸ ವಿನ್ಯಾಸ ಮಾಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ಒಮ್ಮೆ ಊರಿನ ಶಾಲೆಯವರು ಮಕ್ಕಳಿಗೆ ಸ್ವೆಟರ್ ಬೇಕೆಂದರು. ಹೇಮಲತ ಪ್ಲಾಸ್ಟಿಕ್ ನೂಲಿಗೆ ಮಿಂಚುವ ಎಳೆ ಸೇರಿಸಿ ಮಿಷಿನ್ನಿನಲ್ಲಿ ಹೆಣೆದಳು. ಆ ಬಟ್ಟೆಯನ್ನು ಕತ್ತರಿಸಿ, ಹೊಲಿದು, ಎದೆಗೊಂದು ನವಿಲು ಅಂಟಿಸಿದಳು. ಮಕ್ಕಳು ಕುಣಿದಾಡಿದರು. ಊರಲ್ಲೆಲ್ಲ ಅವಳದೇ ಮಾತು.

ಮರುವರ್ಷವೂ ಶಾಲೆಯವರು ಅದನ್ನೇ ಕೇಳಿದರು. ಅಳತೆ ತೆಗೆಯಲು ಹೋದ ಹೇಮಲತ, ಶಾಲೆಯ ಹಿಂದಿನ ಕಸದ ಗುಂಡಿಯಲ್ಲಿ ತನ್ನ ನವಿಲುಗಳನ್ನು ಕಂಡಳು. ಮಕ್ಕಳು ಬೆಳೆದು ತೋಳು ಗಿಡ್ಡವಾಗಿತ್ತು, ಅಷ್ಟಕ್ಕೇ ಎಸೆದಿದ್ದರು. ಯಾರೋ ಬೆಂಕಿ ಹಚ್ಚಿದ್ದರು. ಸ್ವೆಟರುಗಳು ಕರಗಿ ಕಪ್ಪು ಮುದ್ದೆಯಾಗಿದ್ದವು. ಆ ಹೊಗೆಗೆ ಒಂದನೇ ತರಗತಿಯ ಮಕ್ಕಳು ಕೆಮ್ಮುತ್ತಿದ್ದರು.

ಸುಡದೆ ಉಳಿದ ಒಂದು ಸ್ವೆಟರನ್ನು ಅವಳು ಓಬಕ್ಕನ ಹತ್ತಿರ ತಂದಳು.

"ಬಿಚ್ಚಿ ನೋಡಮ್ಮಾ," ಎಂದರು ಓಬಕ್ಕ.

ಬಿಚ್ಚಿದಳು. ಕತ್ತರಿ ಆಡಿಸಿದ ಬಟ್ಟೆಯಲ್ಲವೇ? ಗೇಣುದ್ದದ ತುಂಡುಗಳೇ ಕೈಗೆ ಬಂದವು. ಯಾವುದಕ್ಕೂ ಬರುವಂತಿರಲಿಲ್ಲ.

"ಕೆಲಸ ಚೆನ್ನಾಗಿಯೇ ಮಾಡಿದ್ದೀಯ. ಆದರೆ ಮಗು ಇದನ್ನು ಮೊದಲು ತೊಡುವ ದಿನದವರೆಗೆ ಮಾತ್ರ ಯೋಚಿಸಿದ್ದೀಯ. ಆಮೇಲಿನ ದಿನಗಳು?"

ಹೇಮಲತ ಹಳೆಯದನ್ನೇ ಮಾಡಿಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ, ಹೊಗಳಿಕೆಯೂ ಉಳಿಯುತ್ತಿತ್ತು. ಎರಡು ದಿನ ಅವಳು ಹೆಣೆಯುವ ಕಡ್ಡಿ ಮುಟ್ಟಲಿಲ್ಲ. ಮೂರನೆಯ ದಿನ ಊರಿನ ಕುರಿಗಳ ಉಣ್ಣೆಯ ನೂಲನ್ನೇ ತರಿಸಿದಳು. ಬಣ್ಣ ಹಾಕಲಿಲ್ಲ. ಕಪ್ಪು, ಬೂದು, ಬಿಳಿ ಎಳೆಗಳಲ್ಲೇ ಪಟ್ಟೆ ಮೂಡಿಸಿದಳು. ಕತ್ತರಿ ಮುಟ್ಟದೆ, ಕುತ್ತಿಗೆಯಿಂದ ಕೆಳಕ್ಕೆ ಹೆಣೆಯುತ್ತ ಬಂದಳು. ಎಷ್ಟೋ ಸಲ ತಪ್ಪಿತು, ಬಿಚ್ಚಿ ಮತ್ತೆ ಹೆಣೆದಳು.

ಅದನ್ನು ಮುಖ್ಯೋಪಾಧ್ಯಾಯಿನಿಯ ಮುಂದೆ ಇಟ್ಟು ಹೇಳಿದಳು: "ಮೇಡಮ್, ಹಳೆಯದು ಬೇಡ. ಅದು ನನ್ನದೇ ತಪ್ಪು. ಇದನ್ನು ನೋಡಿ. ಮಗು ಬೆಳೆದರೆ ಅಂಚು ಬಿಚ್ಚಿ ಉದ್ದ ಮಾಡಬಹುದು. ಹರಿದರೆ ನೂಲು ಬಿಚ್ಚಿ ಬೇರೆಯದು ಹೆಣೆಯಬಹುದು. ಪೂರ್ತಿ ಹಾಳಾದರೂ ಮಣ್ಣಲ್ಲಿ ಕರಗಿಹೋಗುತ್ತೆ."

"ನೋಡೋಕೆ ಸಪ್ಪೆ ಇದೆಯಲ್ಲಮ್ಮಾ. ನವಿಲು ಕೇಳಿ ಮಕ್ಕಳು ಗಲಾಟೆ ಮಾಡ್ತಾರೆ."

"ಮಾಡಬಹುದು ಮೇಡಮ್. ಆದರೂ ಆ ಹೊಗೆ ಮತ್ತೆ ಬೇಡ."

ಮುಖ್ಯೋಪಾಧ್ಯಾಯಿನಿ ಒಂದನೇ ತರಗತಿಗೆ ಮಾತ್ರ ಒಪ್ಪಿದರು. ಕೆಲವು ಮಕ್ಕಳು ಮುಖ ಸಿಂಡರಿಸಿದ್ದೂ ನಿಜ.

ಅದಾದ ಮೂರನೆಯ ಚಳಿಗಾಲಕ್ಕೆ, ಆಗ ಆ ತರಗತಿಯಲ್ಲಿದ್ದ ಫಾತಿಮಾ ಎಂಬ ಹುಡುಗಿ ತನ್ನ ಸ್ವೆಟರ್ ಹಿಡಿದು ಹೇಮಲತಳ ಮನೆಗೆ ಬಂದಳು.

"ಅಕ್ಕಾ, ತೋಳು ಗಿಡ್ಡ ಆಗಿದೆ. ಹೊಸದು ಬೇಡ. ನಂಗೆ ಇದೇ ಬೇಕು."

ಹೇಮಲತ ನಗುತ್ತ ಅಂಚು ಬಿಚ್ಚಿ, ನಾಲ್ಕು ಬೆರಳು ಹೆಚ್ಚಿಗೆ ಹೆಣೆದು ಕೊಟ್ಟಳು. ಫಾತಿಮಾ ಅದನ್ನು ತೊಟ್ಟು ಕೈ ಚಾಚಿ ನೋಡಿಕೊಂಡಳು. ಆಮೇಲೆ ಬೀದಿಗೆ ಓಡಿದಳು.

ನೀತಿ: ಒಂದು ವಸ್ತುವನ್ನು ಮಾಡುವಾಗ ಅದರ ಮೊದಲ ದಿನದ ಅಂದವನ್ನಷ್ಟೇ ಅಲ್ಲ, ಕೊನೆಯ ದಿನದ ಗತಿಯನ್ನೂ ಯೋಚಿಸಬೇಕು. ತಪ್ಪು ಮಾಡಿದ್ದರೆ, ಹೊಗಳಿಕೆ ಹೋದರೂ ಸರಿ, ನಾವೇ ಅದನ್ನು ತಿದ್ದಿಕೊಳ್ಳಬೇಕು.