ಚೆಲುವಿಯ ಅವ್ವ, ಗಿರಿಯನ ಅವ್ವ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜಿಯ ಅಜ್ಜಿಗೂ ಹಲ್ಲು ಬರದೇ ಇದ್ದ ಕಾಲ ಅನ್ಕೋ, ಕೆರೆ ಪಕ್ಕದ ಒಂದೂರಲ್ಲಿ ನಂಜವ್ವ ಅಂತ ಒಬ್ಬ ಕುಂಬಾರಗಿತ್ತಿ ಇದ್ದಳಂತೆ. ಅವಳಿಗೆ ಚೆಲುವಿ ಅಂತ ಒಬ್ಬಳೇ ಮಗಳು. ಓರಗೆ ಮಕ್ಕಳೆಲ್ಲ ಓಡಾಡೋ ಹೊತ್ತಿಗೂ ಚೆಲುವಿಗೆ ಕತ್ತು ನಿಲ್ಲಲಿಲ್ಲವಂತೆ, ಮಾತು ಬರಲಿಲ್ಲವಂತೆ. ಗಂಜಿ ಕುಡಿಸಿದರೆ ಅರ್ಧ ಒಳಗೆ, ಅರ್ಧ ಹೊರಗೆ. ಇದ್ದಕ್ಕಿದ್ದಂಗೆ ಕೈಕಾಲು ಸೆಟೆದುಕೊಂಡು ಕಣ್ಣು ಮೇಲಾಗೋದಂತೆ. ಗಂಡ ಅನ್ನಿಸಿಕೊಂಡೋನು ಮಣ್ಣು ತರ್ತೀನಿ ಅಂತ ಗಾಡಿ ಕಟ್ಟಿಕೊಂಡು ಹೋದವನು, ಇನ್ನೊಂದೂರಲ್ಲಿ ಇನ್ನೊಬ್ಬಳನ್ನ ಕಟ್ಟಿಕೊಂಡು ಅಲ್ಲೇ ಉಳಿದುಬಿಟ್ಟನಂತೆ.

ನಂಜವ್ವ ಮಗೂನ ಇಳಿಸಿದರೆ ಅದು ಅಳೋದು, ಎತ್ತಿಕೊಂಡರೆ ತಿಗರಿ ತಿರುಗಿಸೋಕೆ ಕೈ ಇರ್ತಿರಲಿಲ್ಲ. ನಿದ್ದೆ ಅನ್ನೋದು ಮರೆತೇ ಹೋಗಿತ್ತಂತೆ. ತಲೆಗೆ ನೀರು ಹಾಕಿಕೊಳ್ಳೋಕೂ ಪುರುಸೊತ್ತಿಲ್ಲದೆ ಕೂದಲು ಜಡೆಗಟ್ಟಿತ್ತಂತೆ. ಒಂದಿನ ಅನ್ನಿಸ್ತಂತೆ, ಯಾರಾದ್ರೂ ಒಂದು ಮಧ್ಯಾಹ್ನ ಈ ಮಗೂನ ಹಿಡಕೊಂಡರೆ ಸಾಕು, ನಾನೊಂದು ನಿದ್ದೆ ತೆಗೀತೀನಿ ಅಂತ.

ಮೊದಲು ಅಕ್ಕನ ಮನೆಗೆ ಹೋದಳಂತೆ. ಅಕ್ಕ ಬಾಗಿಲಲ್ಲೇ ಅಡ್ಡ ನಿಂತುಕೊಂಡು, ಅಯ್ಯೋ, ಸೊಸೆ ಬಸುರಿ ಕಣೆ, ಇದರ ನೆರಳು ಬಿದ್ದೀತು, ನೀನು ಒಳಗೆ ಬಂದು ಊಟ ಮಾಡು, ಅದನ್ನ ಕೊಟ್ಟಿಗೇಲಿ ಮಲಗಿಸು ಅಂದಳಂತೆ. ನಂಜವ್ವ ಊಟ ಬಿಟ್ಟು ಬಂದಳಂತೆ.

ಆಮೇಲೆ ಮಠಕ್ಕೆ ಹೋದಳಂತೆ. ಅಯ್ಯನೋರು ಕಣ್ಣು ಮುಚ್ಚಿ ತೆಗೆದು, ಹೋದ ಜನ್ಮದ ಪಾಪ ತಾಯಿ, ಮಾಡಿದ್ದನ್ನ ತೀರಿಸಲೇಬೇಕು ಅಂದರಂತೆ. ಯಾರ ಪಾಪ ಬುದ್ಧಿ, ನನ್ನದಾ ಮಗೂದಾ ಅಂತ ಇವಳು ಕೇಳಿದಳಂತೆ. ಅದಕ್ಕೆ ಅವರು ವಿಭೂತಿ ಕೊಟ್ಟು ಕಳಿಸಿದರಂತೆ.

ಆಮೇಲೆ ರಾಜನ ಅರಮನೆಗೇ ಹೋದಳಂತೆ. ರಾಜ ಕತೆಯೆಲ್ಲ ಕೇಳಿ ಕಣ್ಣಲ್ಲಿ ನೀರು ಹಾಕಿಕೊಂಡ, ಇಂಥಾ ತಾಯಿ ಲೋಕದಲ್ಲಿಲ್ಲ ಅಂದ, ಇವಳನ್ನ ತುಂಬಿದ ಸಭೇಲಿ ಕೂರಿಸಿ ಮಹಾತಾಯಿ ಅಂತ ಬಿರುದು ಕೊಟ್ಟ, ರೇಷ್ಮೆ ಸೀರೆ ಹೊದಿಸಿದ. ಹೊಗಳುಭಟ್ಟರು ಹೊಗಳಿದ್ದೇ ಹೊಗಳಿದ್ದು. ಅಷ್ಟು ಹೊತ್ತೂ ಮಗು ತೊಡೆ ಮೇಲೆ ಒದ್ದೆ ಮಾಡಿಕೊಂಡು ಅಳ್ತಾನೇ ಇತ್ತಂತೆ. ಸೀರೆ ಬೇಡ ಮಾಸ್ವಾಮಿ, ಯಾರಾದ್ರೂ ಸಂಜೆ ತನಕ ಇವಳನ್ನ ಎತ್ತಿಕೊಂಡರೆ ಸಾಕಿತ್ತು ಅಂದಳಂತೆ ನಂಜವ್ವ. ಅಷ್ಟು ದೊಡ್ಡ ಸಭೇಲಿ ಎತ್ತಿಕೊಳ್ಳೋಕೆ ಒಬ್ಬರೂ ಏಳಲಿಲ್ಲವಂತೆ.

ವಾಪಸ್ ಬರ್ತಾ ಕೆರೆ ಏರಿ ಮೇಲೆ ಹೊಂಗೆ ಮರದ ನೆರಳಲ್ಲಿ ಕೂತಳಂತೆ. ಅಲ್ಲಿ ಗುಡಿಸಲು ಹಾಕಿಕೊಂಡು ಬುಟ್ಟಿ ಹೆಣೆಯೋ ಕಾಳವ್ವ ಅನ್ನೋಳು ಇದ್ದಳು. ಅವಳ ಮಗ ಗಿರಿಯ, ಮೀಸೆ ಮೂಡೋ ವಯಸ್ಸು, ಬುದ್ಧಿ ಮಾತ್ರ ಎಳೇ ಮಗೂದು. ಸಿಟ್ಟು ಬಂದರೆ ತಲೆ ಚಚ್ಚಿಕೊಳ್ಳೋನು, ಸಿಕ್ಕಿದವರ ಕೈ ಕಚ್ಚೋನು, ಅದಕ್ಕೇ ಅವನನ್ನ ತನ್ನ ಸೊಂಟಕ್ಕೆ ಸೆರಗಲ್ಲಿ ಕಟ್ಟಿಕೊಂಡು ಹೆಣೀತಿದ್ದಳಂತೆ. ಕಾಳವ್ವ ನಂಜವ್ವನ ಮುಖ ನೋಡಿದಳು. ಹೊಗಳಲಿಲ್ಲ, ಬುದ್ಧಿ ಹೇಳಲಿಲ್ಲ. ನಿದ್ದೆ ಮಾಡಿ ಎಷ್ಟು ಕಾಲ ಆಯ್ತವ್ವ, ಕೊಡಿಲ್ಲಿ ಮಗೂನ ಅಂತ ಕೈ ಚಾಚಿದಳಂತೆ.

ನಂಜವ್ವ ಕೊಟ್ಟು ಅಲ್ಲೇ ಒರಗಿದವಳು, ಹೊತ್ತು ಇಳಿದ ಮೇಲೆ ಬೆಚ್ಚಿಬಿದ್ದು ಎದ್ದಳಂತೆ. ನೋಡಿದರೆ ಚೆಲುವಿ ಕಾಳವ್ವನ ಮೊಣಕೈಯಲ್ಲಿ ಕತ್ತಿಟ್ಟುಕೊಂಡು ಹೊಂಗೆ ಎಲೆ ಅಲ್ಲಾಡೋದನ್ನ ನೋಡ್ತಿದ್ದಳಂತೆ. ನಂಜವ್ವ ಕೂಗಿ ಕೂಗಿ ಅತ್ತಳಂತೆ.

ಆಮೇಲೆ ಇಬ್ಬರೂ ಮಾತಾಡಿಕೊಂಡರು. ಒಂದು ಸಂತೆಗೆ ಇವಳು ಹೋದರೆ ಎರಡೂ ಮಕ್ಕಳನ್ನ ಅವಳು ನೋಡೋದು, ಇನ್ನೊಂದು ಸಂತೆಗೆ ಅವಳು ಹೋದರೆ ಇವಳು. ನಂಜವ್ವನ ತಿಗರಿ ಮತ್ತೆ ತಿರುಗಿತಂತೆ. ಕಾಳವ್ವ ಬುಟ್ಟಿ ಮಾರಿದ ಮೇಲೆ ಸುಮ್ಮನೆ ಗುಡ್ಡ ಹತ್ತಿ, ಹುಣಸೆಕಾಯಿ ಕಡಕೊಂಡು, ಯಾರೂ ಕಚ್ಚದೇ ಇರೋ ಕೈ ಬೀಸಿಕೊಂಡು ಬರೋಳಂತೆ. ಒಂದಿನ ನಂಜವ್ವ ಹೇಳಿದಳು, ಅಕ್ಕಾ, ಕೆಲವು ದಿನ ಇದು ಸತ್ತಾದ್ರೂ ಹೋಗಬಾರದಾ ಅನ್ನಿಸುತ್ತೆ. ಕಾಳವ್ವ ಬುಟ್ಟಿಯಿಂದ ಕಣ್ಣೆತ್ತದೆ, ನನಗೂ ಅನ್ನಿಸುತ್ತೆ ಕಣೆ, ಅನ್ಕೊಂಡು ಆಮೇಲೆ ಎದ್ದು ಗಂಜಿ ಕಾಯಿಸ್ತೀನಿ ಅಂದಳಂತೆ.

ಹೀಗಿರುವಾಗ ಒಂದು ಸಂತೆ ದಿನ ನಂಜವ್ವ ಮಡಕೆ ಮಾರಿ ಬರೋ ಹೊತ್ತಿಗೆ ಏರಿ ಮೇಲೆ ಊರೇ ಸೇರಿತ್ತಂತೆ. ಚೆಲುವಿಗೆ ಸೆಟೆತ ಬಂದು, ಬಂದದ್ದು ಬಿಡದೆ, ಕಾಳವ್ವನ ತೊಡೆ ಮೇಲೇ ಪ್ರಾಣ ಹೋಗಿತ್ತಂತೆ.

ಅಳಬೇಡ ಕಂದಾ. ಹೂಂ, ಸತ್ತೇ ಹೋದಳು. ಕೇಳು ಮುಂದೆ.

ಗೌಡ ಅಂದನಂತೆ, ಹೆತ್ತೋಳು ಸಂತೇಲಿ ಮೆರೆಯೋಕೆ ಹೋದರೆ ಇನ್ನೇನಾಗುತ್ತೆ. ಇನ್ನೊಬ್ಬ, ಈ ಕಾಳಿಯೇ ಕತ್ತು ಹಿಚುಕಿರಬೇಕು, ಪಂಚಾಯ್ತಿ ಸೇರಿಸಿ ಅಂದನಂತೆ. ಕಾಳವ್ವ ಯಾರ ಕಡೆಗೂ ನೋಡಲಿಲ್ಲ, ನಂಜವ್ವನ್ನೇ ನೋಡ್ತಿದ್ದಳು. ಅವತ್ತು ಆಡಿದ ಮಾತು ಇಬ್ಬರಿಗೂ ನೆನಪಿತ್ತು. ನಂಜವ್ವನಿಗೂ ಒಂದು ಗಳಿಗೆ ಅನುಮಾನ ಬಂತಂತೆ, ಸುಳ್ಳು ಯಾಕೆ ಹೇಳಲಿ. ಮಗಳ ಹತ್ತಿರ ಕೂತು ನೋಡಿದಳು. ಬಾಯಿ ಒರೆಸಿ ಚೊಕ್ಕ ಮಾಡಿತ್ತು. ಕತ್ತು ನೋಯದ ಹಾಗೆ ಕೆಳಗೆ ಬಟ್ಟೆ ಮಡಿಸಿಟ್ಟಿತ್ತು. ಕಾಳವ್ವನ ಸೀರೆ ತುಂಬ ಮಗು ಕಾರಿಕೊಂಡಿದ್ದು ಹಾಗೇ ಒಣಗಿತ್ತು.

ಹೆದರಿಕೊಂಡಳಾ ಅಕ್ಕಾ? ಅಂತ ಕಾಳವ್ವನ್ನ ಕೇಳಿದಳಂತೆ.

ಇಲ್ಲ ಕಣವ್ವ. ಅವ್ವ ಬರ್ತಾಳೆ, ಅವ್ವ ಬರ್ತಾಳೆ ಅಂತ ಹೇಳ್ತಾನೇ ಇದ್ದೆ.

ಆಗ ನಂಜವ್ವ ಎದ್ದು ಗೌಡನಿಗೆ ಅಂದಳಂತೆ, ನನ್ನ ಮಗಳು ತೊಡೆ ಮೇಲೆ ಸತ್ತಳು, ನೆಲದ ಮೇಲಲ್ಲ. ನಿಮ್ಮಲ್ಲಿ ಯಾರು ತೊಡೆ ಕೊಟ್ಟಿದ್ರಿ? ಅವರು ಬಂದು ಪಂಚಾಯ್ತಿ ಮಾಡಲಿ. ಜನ ಒಬ್ಬೊಬ್ಬರೇ ಕರಗಿದರಂತೆ.

ಆದರೂ ಮಣ್ಣು ಮಾಡಿ ಬಂದ ಮೇಲೆ ನಂಜವ್ವ ಏರಿ ಕಡೆ ಹೋಗಲಿಲ್ಲವಂತೆ. ಅವಳ ಮಗ ಇದ್ದಾನೆ, ನನ್ನದು ಹೋಯ್ತು ಅಂತ ಹೊಟ್ಟೆ ಉರಿಯೋದಂತೆ. ಕಾಳವ್ವನೂ ಬರಲಿಲ್ಲ, ಬದುಕಿರೋ ಮಗನ್ನ ಕಟ್ಟಿಕೊಂಡು ಯಾವ ಮುಖ ಇಟ್ಟುಕೊಂಡು ಬರ್ತಾಳೆ. ಬಂದವಳು ಒಡಹುಟ್ಟಿದ ಅಕ್ಕ. ಪೀಡೆ ಕಳೀತು ಬಿಡೆ, ಇನ್ನು ನಮ್ಮನೇಲಿರು, ಸೊಸೆ ಬಾಣಂತನಕ್ಕೆ ಆಳು ಬೇಕಾಗಿತ್ತು ಅಂದಳಂತೆ. ನಂಜವ್ವ ಅಕ್ಕನಿಗೆ ಬಾಗಿಲು ತೋರಿಸಿ, ತಾನೂ ಎದ್ದು ಸೀದಾ ಏರಿಗೆ ಹೋದಳಂತೆ.

ಕಾಳವ್ವನ ಕೈ ಗಿರಿಯ ಕಚ್ಚಿ ಕಚ್ಚಿ ಊದಿತ್ತು, ಕಣ್ಣು ಕೆಂಡ. ಕೊಡು ಅವನ್ನ, ಹೋಗಿ ಮಲಕ್ಕೋ ಅಂದಳು ನಂಜವ್ವ. ಕಾಳವ್ವ ಅತ್ತುಬಿಟ್ಟಳಂತೆ. ಬದಲಿಗೆ ನಾನೇನು ಮಾಡಲೇ ತಂಗಿ, ನೋಡಿಕೊಳ್ಳೋಕೆ ನಿನ್ನ ಮಗು ಇಲ್ಲವಲ್ಲ?

ಎದ್ದ ಮೇಲೆ ನನ್ನ ಜೊತೆ ಕೂತು ಚೆಲುವಿ ಬಗ್ಗೆ ಮಾತಾಡು. ಊರಲ್ಲಿ ಅವಳ ಹೆಸರು ಹೇಳೋರು ಒಬ್ಬರೂ ಇಲ್ಲ ಅಂದಳಂತೆ ನಂಜವ್ವ.

ಗಿರಿಯ ಅವಳನ್ನೂ ಕಚ್ಚಿದನಂತೆ. ಥೂ ನಿನ್ನ ಅಂತ ಬೈದು, ಎಳಕೊಂಡು ಗಂಜಿ ಕುಡಿಸಿದಳಂತೆ. ಅಷ್ಟರಲ್ಲಿ ಗುಡಿಸಲ ಒಳಗಿಂದ ಕಾಳವ್ವನ ಗೊರಕೆ ಕೇಳಿಸ್ತಂತೆ. ಅವಳು ಮಲಗಿದಳು, ಕತೆಯೂ ಅಲ್ಲಿಗೆ ಮುಗೀತು. ನೀನೂ ಮಲಕ್ಕೋ.