ರಂಗೋಜಿಯ ಕೆಂಪು, ಹಂಪಯ್ಯನ ಪಾನಕ

"ಪ್ರಭು, ಮುಳುಗುವ ಸೂರ್ಯ ನನ್ನ ಮನೆಗೆ ಬಂದು ಬಣ್ಣ ಸಾಲ ಕೇಳಬೇಕು, ಅಂಥ ಕೆಂಪು ಇದು!" ಎಂದು ಬಣ್ಣಗಾರ ರಂಗೋಜಿ ತುಂಬಿದ ಸಭೆಯಲ್ಲಿ ಹೊಸ ಪೇಟವನ್ನು ಬಿಚ್ಚಿ ಹಿಡಿದ.

ಹೊಳೆಗಲ್ಲಿನ ದೊರೆ ಕೆಂಗಪ್ಪ ನಾಯಕನಿಗೆ ಕೆಂಪೆಂದರೆ ಪ್ರಾಣ. ಪೇಟ ಕೆಂಪು, ಅಂಗಿ ಕೆಂಪು, ಸಿಟ್ಟು ಬಂದರೆ ಮುಖವೂ ಕೆಂಪು. ಅವನು ಪೇಟ ಸುತ್ತಿಕೊಂಡು ಕನ್ನಡಿಯಲ್ಲಿ ತನ್ನನ್ನೇ ಮೆಚ್ಚಿಕೊಳ್ಳುತ್ತಿದ್ದಾಗ, ಅರಮನೆಯ ಬಟ್ಟೆ ಒಗೆಯುವ ಮಡಿವಾಳರ ಮಾಚವ್ವ ಗಂಟು ಹೊತ್ತು ಒಳಗೆ ಬಂದಳು.

ದಸರೆಯ ದಿನ ದೊರೆ ಬನ್ನಿಮರದವರೆಗೆ ನಡೆದು ಹೋಗುವ ದಾರಿಗೆ ಬಿಳಿ ಬಟ್ಟೆ ಹಾಸುವುದು ಅವಳ ಮನೆತನದ ಹಕ್ಕು. ಆ ಬಟ್ಟೆಗೆ ನಡೆಮಡಿ ಎನ್ನುತ್ತಾರೆ. ಗಂಟು ಬಿಚ್ಚಿದರೆ ನಡೆಮಡಿ ತಾವರೆಯ ಬಣ್ಣಕ್ಕೆ ತಿರುಗಿತ್ತು.

"ಇದೇನೇ ಇದು? ಹಬ್ಬಕ್ಕೆ ಇದು ಬೆಳ್ಳಗಾಗದಿದ್ದರೆ ನಡೆಮಡಿಯ ಹಕ್ಕು ಬೇರೆಯವರಿಗೆ!" ಎಂದು ದೊರೆ ಗುಡುಗಿದ.

"ಬಣ್ಣದ ಮನೆ ನೀರೆಲ್ಲಾ ಹೊಳೆಗೆ ಬೀಳ್ತೈತೆ ಬುದ್ಧಿ. ಅದು ಮ್ಯಾಲೈತೆ, ನಾ ಒಗೆಯೋ ಕಲ್ಲು ಕೆಳಗೈತೆ. ಒಗೆದಷ್ಟೂ ಕೆಂಪು! ನಮ್ಮತ್ತೆ, ಅವರತ್ತೆ ಹಾಸಿದ ಮಡಿ ನನ್ ಕಾಲಕ್ಕೆ ಹೋಗ್ತದಲ್ಲಾ ಅಂತ ಹೊಟ್ಟೆ ಉರೀತೈತೆ" ಎಂದು ಮಾಚವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ದೊರೆ ಇಕ್ಕಟ್ಟಿಗೆ ಸಿಕ್ಕಿದ. ನಡೆಮಡಿಯೂ ಬೇಕು, ಪೇಟವೂ ಬೇಕು. ಇಂಥ ಹೊತ್ತಿನಲ್ಲಿ ಅವನ ಕಣ್ಣು ಹೋಗುತ್ತಿದ್ದದ್ದು ಕಂಬಕ್ಕೆ ಒರಗಿ ಕೂತಿರುತ್ತಿದ್ದ ಆಸ್ಥಾನದ ವಿದೂಷಕ ಹಂಪಯ್ಯನ ಕಡೆಗೇ.

"ಹಂಪಯ್ಯ, ಬಣ್ಣದ ಮನೆ ನಿಲ್ಲಬಾರದು. ಹೊಳೆ ಕೆಡಬಾರದು. ಏನು ಮಾಡುತ್ತೀಯೋ ಮಾಡು."

ಊಟ ಮಾಡಬೇಕು, ಎಲೆ ಎಂಜಲಾಗಬಾರದು ಎಂದಂತಾಯಿತಲ್ಲ ಎಂದು ಹಂಪಯ್ಯ ಮನಸ್ಸಿನಲ್ಲೇ ನಕ್ಕ. ಆದರೂ ಮಾಚವ್ವನ ಮುಖ ನೋಡಿ ಎದ್ದು ಮುಂದೆ ಬಂದ.

"ಒಂದು ಮಿತಿ ಹಾಕೋಣ ಪ್ರಭು. ರಂಗೋಜಿಗಳೇ, ಗುಂಡಿ ತೋಡಿ ಮರಳು, ಇದ್ದಿಲು ತುಂಬಿ ಸೋಸುತ್ತೀರೋ, ಬೇರೇನು ಮಾಡುತ್ತೀರೋ ನಿಮಗೆ ಬಿಟ್ಟದ್ದು. ನಿಮ್ಮ ಮೋರಿ ಹೊಳೆಗೆ ಸೇರುವಲ್ಲಿ ಒಂದು ಬಟ್ಟಲು ನೀರು ಹಿಡಿದು ಅಕ್ಕಿಕಾಳು ಹಾಕಿದರೆ, ಕಾಳು ಬೆಳ್ಳಗೆ ಕಾಣಬೇಕು."

"ಅಷ್ಟೇ ತಾನೇ?" ಎಂದು ರಂಗೋಜಿ ಮೀಸೆಯೊಳಗೇ ನಕ್ಕ.

ಕೆಲವು ದಿನ ಕಳೆದು ದೊರೆಯೇ ಹೊಳೆಯ ದಡಕ್ಕೆ ಬಂದ. ಬಟ್ಟಲಿಗೆ ನೀರು ಹಿಡಿದರು, ಕಾಳು ಹಾಕಿದರು. ಕಾಳು ಮಲ್ಲಿಗೆ ಮೊಗ್ಗಿನಂತೆ ಬೆಳ್ಳಗಿತ್ತು. "ಭಲೇ!" ಎಂದ ದೊರೆ.

"ನನ್ ಮಡಿ ಇನ್ನೂ ಕೆಂಪೇ ಐತಲ್ಲ ಬುದ್ಧಿ!" ಎಂದಳು ಮಾಚವ್ವ. ಒಂದು ಕಾಳಿಗೆ ಅಂಟದ ಬಣ್ಣ ಮಾರುಗಟ್ಟಲೆ ಬಟ್ಟೆಗೆ ಅಂಟಿತ್ತು.

ಹಂಪಯ್ಯ ಬಣ್ಣದ ಮನೆಯ ಹಿಂದಕ್ಕೆ ಹೋಗಿ ನೋಡಿದ. ಗುಂಡಿಯೂ ಇಲ್ಲ, ಮರಳೂ ಇಲ್ಲ. ರಂಗೋಜಿ ಮೇಲಿನಿಂದ ಹೊಳೆಯ ನೀರನ್ನೇ ಕಾಲುವೆ ತೆಗೆದು ತಂದು ತನ್ನ ಮೋರಿಗೆ ಸೇರಿಸಿದ್ದ! ಹೊಳೆಯಿಂದಲೇ ತಿಳಿನೀರು ಕದ್ದು, ಅದರಲ್ಲಿ ಬಣ್ಣ ಕದಡಿ, ಹೊಳೆಗೇ ಹಿಂದಿರುಗಿಸುತ್ತಿದ್ದ.

"ನೀರು ಬೆರೆಸಬಾರದು ಎಂದು ನೀವು ಹೇಳಿದಿರಾ ಹಂಪಯ್ಯನವರೇ? ನಿಮ್ಮ ಕಾಳು, ನಿಮ್ಮ ಬಟ್ಟಲು, ನಿಮ್ಮದೇ ಮಾತು" ಎಂದ ರಂಗೋಜಿ.

ದೊರೆಗೆ ನಗು ತಡೆಯಲಾಗಲಿಲ್ಲ. "ಸಿಕ್ಕಿಬಿದ್ದೆಯಲ್ಲೋ ಹಂಪಯ್ಯ!"

"ಸಿಕ್ಕಿಬಿದ್ದೆ ಪ್ರಭು, ನನ್ನ ಮಾತಿನಲ್ಲೇ ತೂತಿತ್ತು. ನನ್ನನ್ನು ಸೋಲಿಸಿದ ಜಾಣರಿಗೆ ನಾಳೆ ಸಭೆಯಲ್ಲಿ ನಾನೇ ಪಾನಕ ಕೊಟ್ಟು ಮರ್ಯಾದೆ ಮಾಡುತ್ತೇನೆ."

ಮರುದಿನ ಆಳುಗಳು ಒಂದು ಹಂಡೆ ಪಾನಕವನ್ನು ಹೊತ್ತು ತಂದು ಸಭೆಯ ನಡುವೆ ಇಟ್ಟರು. ಏಲಕ್ಕಿ ಹಾಕಿದ ಕಲ್ಲುಸಕ್ಕರೆ ಪಾನಕ. ರಂಗೋಜಿ ಒಂದು ಲೋಟ ಕುಡಿದ, ಇನ್ನೊಂದು ಕೇಳಿದ, ಮತ್ತೊಂದನ್ನೂ ಇಳಿಸಿದ.

"ಸಾಕು ಹಂಪಯ್ಯನವರೇ, ಹೊಟ್ಟೆ ತುಂಬಿತು."

"ಸಾಕೆಂದರೆ ಹೇಗೆ? ಹಂಡೆ ಪೂರ್ತಿ ನಿಮಗೇ. ದೊರೆಯ ಮುಂದೆ ಮರ್ಯಾದೆಗೆ ಕೊಟ್ಟದ್ದನ್ನು ಮಿಗಿಸಬಾರದು."

"ಹಂಡೆ ಪೂರ್ತಿಯೇ! ಅಂಥದ್ದೇನಿದೆ ಇದರಲ್ಲಿ?"

"ಹೆಚ್ಚೇನಿಲ್ಲ, ಭೇದಿಗೆ ಕೊಡುವ ಸೋನಾಮುಖಿಯ ಕಷಾಯ, ಒಂದು ಚೊಂಬು. ಹಾಗೇ ಕೊಟ್ಟರೆ ಕಪ್ಪಗೆ ಕಾಣುತ್ತದೆ, ಅದಕ್ಕೆ ಪಾನಕ ಬೆರೆಸಿದೆ." ಹಂಪಯ್ಯ ರಂಗೋಜಿಯ ಲೋಟಕ್ಕೆ ಮತ್ತೆ ಪಾನಕ ತುಂಬಿಸಿ ಒಂದು ಅಕ್ಕಿಕಾಳು ಹಾಕಿದ. "ನೋಡಿ, ಎಷ್ಟು ಬೆಳ್ಳಗೆ ಕಾಣುತ್ತಿದೆ! ಮಿತಿ ಮೀರಿಲ್ಲ."

ರಂಗೋಜಿ ಎದ್ದು ನಿಂತ. "ಏನು ಸ್ವಾಮಿ ನೀವು! ಎಷ್ಟು ಪಾನಕ ಬೆರೆಸಿದರೇನು? ಹಂಡೆ ಖಾಲಿ ಮಾಡಿದರೆ ಕಷಾಯವೆಲ್ಲ ಹೋಗುವುದು ನನ್ನ ಹೊಟ್ಟೆಗೇ ಅಲ್ಲವೇ?"

"ಹೊಳೆಯೂ ಅದನ್ನೇ ಕೇಳುತ್ತಿದೆ ರಂಗೋಜಿಗಳೇ. ನೀವಾದರೋ ಲೋಟ ಇಟ್ಟು ಎದ್ದು ಹೋಗಬಹುದು. ಪಾಪ, ಹೊಳೆ ಎದ್ದು ಎಲ್ಲಿಗೆ ಹೋದೀತು?"

ದೊರೆ ತಲೆಯ ಮೇಲಿನ ಪೇಟವನ್ನೊಮ್ಮೆ ಮುಟ್ಟಿ ನೋಡಿಕೊಂಡ.

"ಸರಿ. ಇನ್ನು ಮೇಲೆ ಒಂದು ಹನಿ ತಿಳಿನೀರೂ ಬೆರೆಯುವ ಮೊದಲೇ ಮೋರಿಯ ನೀರನ್ನು ಬಟ್ಟಲಿಗೆ ಹಿಡಿಯಬೇಕು. ಕಾಳು ಕೆಂಪಾಗಿ ಕಂಡರೆ ಮೋರಿಗೆ ಕಲ್ಲು ಹಾಕಿ ಮುಚ್ಚಿಸುತ್ತೇನೆ, ನನಗೆ ಪೇಟವಿಲ್ಲದಿದ್ದರೂ ಚಿಂತೆಯಿಲ್ಲ. ರಂಗೋಜಿ, ತಿಳಿಯಿತೇ?"

"ತಿಳಿಯಿತು ಪ್ರಭು... ನೀರೂ ತಿಳಿಯಾಗುತ್ತದೆ... ಈಗ ಅಪ್ಪಣೆಯಾದರೆ..." ಎನ್ನುತ್ತ ರಂಗೋಜಿ ಹೊಟ್ಟೆ ಹಿಡಿದುಕೊಂಡು ಬಾಗಿಲಿನತ್ತ ಓಡಿದ.

"ಎಲ್ಲಿಗೆ ಬೇಕಾದರೂ ಹೋಗಿ, ಹೊಳೆಯ ಕಡೆಗೆ ಮಾತ್ರ ಬೇಡ!" ಎಂದು ಹಂಪಯ್ಯ ಹಿಂದಿನಿಂದ ಕೂಗಿದ.

ದೊರೆ ಬಿದ್ದು ಬಿದ್ದು ನಕ್ಕ. "ನಿಜ ಹೇಳು, ಕಷಾಯ ಎಷ್ಟು ಹಾಕಿದ್ದೆ?"

ಹಂಪಯ್ಯ ಹಂಡೆಯಿಂದ ಒಂದು ಲೋಟ ಮೊಗೆದು ತಾನೇ ಗಟಗಟನೆ ಕುಡಿದ. "ರಂಗೋಜಿ ತೋಡಿದ ಗುಂಡಿ ಎಷ್ಟೋ ಅಷ್ಟೇ ಪ್ರಭು."

ದಸರೆ ಬರುವಷ್ಟರಲ್ಲಿ ಬಣ್ಣದ ಮನೆಯ ಹಿಂದೆ ಸಾಲಾಗಿ ಗುಂಡಿಗಳಾದವು, ನಡೆಮಡಿ ಹಾಲಿನಂತೆ ಬೆಳ್ಳಗಾಯಿತು. ದೊರೆ ಇನ್ನೇನು ಅದರ ಮೇಲೆ ಕಾಲಿಡಬೇಕು, ಮಾಚವ್ವ ಒಂದು ಬಿಂದಿಗೆ ನೀರು ತಂದು ಅಡ್ಡ ನಿಂತಳು.

"ಕಾಲು ಕೆಸರಾಗೈತೆ ಬುದ್ಧಿ. ತೊಳ್ಕೊಂಡು ಹತ್ತಿ. ಮಿತಿ ಅನ್ನೋದು ಎಲ್ಲರಿಗೂ ಒಂದೇ ಅಲ್ವರಾ?"

ಕೆಂಗಪ್ಪ ನಾಯಕ ನಗುತ್ತಲೇ ಕಾಲು ಮುಂದೆ ಚಾಚಿದ.