ಇಳಿಯುತ್ತಾ ಹೇಳಿದ ಶ್ಲೋಕ

ಬಟ್ಟೆ ಅಂಗಡಿಯ ಹಾಲಪ್ಪನಿಗೆ ಐವತ್ತು ದಾಟಿದ ಮೇಲೆ ಬೆಟ್ಟ ಹತ್ತುವ ಹುಚ್ಚು ಹಿಡಿಯಿತು. ಕೆಂಪು ಬಣ್ಣದ ಹೊಸ ಡೇರೆಯೊಂದನ್ನು ಕೊಂಡ. ಹೆಂಡತಿ ಗಂಗಾಂಬಿಕೆಯನ್ನೂ ಹೊರಡಿಸಿದ. ಬುಡದಲ್ಲಿ ಕಾರು ನಿಲ್ಲಿಸಿ ಇಬ್ಬರೂ ಹತ್ತಿದರು.

ನೆತ್ತಿಯಲ್ಲಿ ಬೋಳು ಬಂಡೆ, ಅದರ ಅಂಚಿಗೆ ಒಂದೇ ಒಂದು ಗೋಣಿಮರ. ಹಾಲಪ್ಪ ಆ ಮರದ ಕೆಳಗೇ ಡೇರೆ ಹೂಡಿದ.

"ಮೋಡ ಹೆಂಗೆ ಕಟ್ತಿದೆ ನೋಡಿ. ಕೆಳಗಡೆ ತಗ್ಗಲ್ಲಿ ಹಾಕಬಾರದಾ?" ಎಂದಳು ಗಂಗಾಂಬಿಕೆ.

"ಮದುವೆ ಚಪ್ಪರ ಯಾರಾದ್ರೂ ಹಿತ್ತಲಲ್ಲಿ ಹಾಕ್ತಾರೇನೇ? ಊರಿಗೆಲ್ಲ ಕಾಣ್ಬೇಕು!" ಎಂದು ಹಾಲಪ್ಪ ಮೀಸೆ ತಿರುವಿದ.

ಹೊತ್ತು ಇಳಿಯುವಷ್ಟರಲ್ಲಿ ಗುಡುಗತೊಡಗಿತು. ಹಾಲಪ್ಪ ಡೇರೆಯೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಣ್ಣು ಮುಚ್ಚಿ ಶ್ಲೋಕ ಶುರು ಮಾಡಿದ. ಗುಡುಗಿದಾಗ ಆ ಶ್ಲೋಕದಲ್ಲಿರುವ ಹತ್ತು ಹೆಸರು ಹೇಳಿದರೆ ಸಿಡಿಲು ಹತ್ತಿರ ಸುಳಿಯುವುದಿಲ್ಲ ಎಂದು ಅಜ್ಜಿ ಕಲಿಸಿದ್ದಳು. ಚಿಕ್ಕಂದಿನಿಂದ ಹೇಳಿಕೊಂಡೇ ಬಂದಿದ್ದ, ಕೂದಲೂ ಕೊಂಕಿರಲಿಲ್ಲ. ಆಗೆಲ್ಲ ತಾನು ಮನೆಯೊಳಗೆ ಬೆಚ್ಚಗೆ ಕೂತಿರುತ್ತಿದ್ದೆ ಎಂಬುದು ಮಾತ್ರ ಮಹಾಶಯನಿಗೆ ಹೊಳೆಯಲಿಲ್ಲ.

"ರೀ, ಏಳಿ. ಕಾರಿಗೆ ಹೋಗೋಣ."

"ಶ್ಲೋಕ ಅರ್ಧಕ್ಕೆ ನಿಲ್ಲಿಸಬಾರದು ಕಣೇ. ಹೊಸ ಡೇರೆ ಬೇರೆ, ಬಿಟ್ಟು ಹೆಂಗೆ ಬರಲಿ?"

"ನಿಲ್ಲಿಸಿ ಅಂದೋರ್ಯಾರು? ಇಳೀತಾ ಹೇಳಿ!"

ಅಷ್ಟರಲ್ಲಿ ಎದುರು ಗುಡ್ಡದ ಮೇಲೆ ಸಿಡಿಲು ಎರಗಿತು. ಬಂಡೆ ಅದುರಿತು. ಹಾಲಪ್ಪನಿಗೆ ಜೀವ ಬಾಯಿಗೆ ಬಂತು. ಡೇರೆ ಕಡೆ ಒಮ್ಮೆ ನೋಡಿದ, ಹೆಂಡತಿಯ ಮುಖವನ್ನೊಮ್ಮೆ ನೋಡಿದ, ಅವಳ ಜೊತೆ ಕೆಳಕ್ಕೆ ಓಡಿದ. ದಾರಿಯಲ್ಲೇ ಮಳೆ ಹಿಡಿಯಿತು. ಏದುಸಿರಿನಲ್ಲಿ ಅರ್ಧ ಹೆಸರು ನುಂಗಿದ, ಹೇಳಿದ್ದನ್ನೇ ಮತ್ತೆ ಹೇಳಿದ. ಕಾಲು ಮಾತ್ರ ನಿಲ್ಲಿಸಲಿಲ್ಲ.

ಕಾರು ಹತ್ತಿ ಗಾಜು ಏರಿಸಿದರೋ ಇಲ್ಲವೋ, ಬೆಟ್ಟದ ನೆತ್ತಿ ಬೆಳ್ಳಗೆ ಬೆಳಗಿತು. ಕಿವಿ ಗಡಚಿಕ್ಕಿತು. ನೋಡಿದರೆ ಗೋಣಿಮರ ಉದ್ದಕ್ಕೂ ಸೀಳಿದೆ. ಡೇರೆ ಇದ್ದಲ್ಲಿ ಹೊಗೆ ಏಳುತ್ತಿದೆ.

'ಬದುಕಿದೆಯಾ ಬಡಜೀವವೇ' ಎಂದು ಹಾಲಪ್ಪ ಉಸಿರು ಬಿಟ್ಟ. ಮೊದಲು ಅಳು ಬಂತು, ಹಿಂದೆಯೇ ನಗುವೂ ಬಂತು.

"ಡೇರೆ ಹೋಯ್ತಲ್ಲೇ, ಗಂಗೂ."

"ಹೋಗ್ಲಿ ಬಿಡಿ. ಒಳಗಿದ್ದೋರು ನನ್ನ ಪಕ್ಕದಲ್ಲಿ ಇದ್ದೀರಲ್ಲ," ಎಂದು ಗಂಗಾಂಬಿಕೆ ಅವನ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿದಳು.

ನೀತಿ: ಗುಡುಗು ಕೇಳಿದೊಡನೆ ಬೆಟ್ಟದ ನೆತ್ತಿ, ಒಂಟಿ ಮರ, ಡೇರೆ ಎಲ್ಲವನ್ನೂ ಬಿಟ್ಟು ಗಟ್ಟಿ ಮನೆಯನ್ನೋ ಮುಚ್ಚಿದ ವಾಹನವನ್ನೋ ಸೇರಿಕೊಳ್ಳಿ. ದೇವರನ್ನು ನೆನೆಯಿರಿ, ಅವನು ಕಾಲು ಕೊಟ್ಟಿದ್ದಾನೆ ಎಂಬುದನ್ನೂ ನೆನೆಯಿರಿ.